ಹನಿ ಬೀಳುವ ಜಾಗ ಬೇರೆ, ಸೋರುವ ಜಾಗ ಬೇರೆ: ಹಳೆ ಫಿಯೆಟ್‌ನ ಪೆಟ್ರೋಲ್ ಪೈಪ್ ಸರಿಮಾಡುವುದು

ಕಳೆದ ಆಗಸ್ಟ್‌ನ ಒಂದು ಬೆಳಿಗ್ಗೆ. ರಾತ್ರಿಯಿಡೀ ಸುರಿದ ಮಳೆ ಆಗಷ್ಟೇ ಬಿಟ್ಟಿತ್ತು. ಅಪ್ಪಯ್ಯ ಜಗಲಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ನಾನು ಒಳಗೆ ದೋಸೆ ಹೊಯ್ಯುತ್ತಿದ್ದೆ.

"ಮಗಾ, ಪೆಟ್ರೋಲ್ ವಾಸನೆ ಬರ್ತಾ ಉಂಟಲ್ಲ?"

ನನಗೆ ಏನೂ ಬರಲಿಲ್ಲ. ಆದರೆ ಅಪ್ಪಯ್ಯನ ಮೂಗನ್ನು ನಾನು ನಂಬುತ್ತೇನೆ. ಈ ಕಾರು ನಮ್ಮ ಮನೆಗೆ ಬಂದದ್ದು ನಾನು ಹುಟ್ಟುವ ಮೊದಲು. ಮೊದಲು ಗ್ಯಾಸ್ ಒಲೆ ಆರಿಸಿದೆ. ಆಮೇಲೆ ಶೆಡ್ಡಿಗೆ ಹೋಗಿ ಕಾರಿನ ಅಡಿಗೆ ಬಗ್ಗಿ ನೋಡಿದೆ. ಗೇರ್‌ಬಾಕ್ಸಿನ ಕೆಳಗೆ, ಸಿಮೆಂಟ್ ನೆಲದ ಮೇಲೆ, ಅಂಗೈಯಷ್ಟು ಒದ್ದೆ.

ನಮ್ಮ ಕಾರು 1971ರ ಫಿಯೆಟ್ 1100 ಡಿಲೈಟ್. ಮುಂದೆ ಪ್ರೀಮಿಯರ್ ಪದ್ಮಿನಿ ಅನ್ನುವ ಹೆಸರಿನಲ್ಲಿ ಓಡಿದ್ದೂ ಹೆಚ್ಚುಕಡಿಮೆ ಇದೇ ಗಾಡಿ. 1089 ಸಿಸಿ ಎಂಜಿನ್, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರ್, ಎಂಜಿನ್ನಿನ ಮಗ್ಗುಲಿಗೆ ಕೂತ ಮೆಕ್ಯಾನಿಕಲ್ ಫ್ಯುಯೆಲ್ ಪಂಪ್. ಹಿಂದಿನ ಟ್ಯಾಂಕಿನಿಂದ ಮುಂದಿನ ಪಂಪಿನವರೆಗೆ ಒಂದು ಕಬ್ಬಿಣದ ಪೈಪ್, ಅದರ ಎರಡೂ ತುದಿಗೆ ರಬ್ಬರ್ ಹೋಸ್. ಪಂಪಿನಿಂದ ಕಾರ್ಬ್ಯುರೇಟರಿಗೆ ಇನ್ನೊಂದು ಹೋಸ್. ಅಷ್ಟೇ. ಇಷ್ಟು ಸರಳ ಇರುವುದರಿಂದಲೇ ಮನೆಯಲ್ಲಿ ಸರಿಮಾಡಬಹುದು. ನಾನು ಮೆಕ್ಯಾನಿಕ್ ಅಲ್ಲ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಉಡುಪಿಯ ಅಂಬಲಪಾಡಿಯ ನಮ್ಮ ಅಂಗಳದಲ್ಲಿ, ಎರಡು ಭಾನುವಾರ ಕೂತು ಮಾಡಿದ ಕೆಲಸ ಇದು. ಹಳೆ ಫಿಯೆಟ್, ಪದ್ಮಿನಿ, ಅಂಬಾಸಿಡರ್ ಇಟ್ಟುಕೊಂಡವರಿಗೆ ಉಪಯೋಗ ಆಗಲಿ ಅಂತ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಸೋರುವ ಜಾಗ ಹುಡುಕಿ

ಗೇರ್‌ಬಾಕ್ಸಿನ ಕೆಳಗೆ ಹನಿ ಬೀಳುತ್ತಿತ್ತಲ್ವಾ? ಅದರ ಹತ್ತಿರದಲ್ಲೇ ಪಂಪಿಗೆ ಹೋಗುವ ಹೋಸ್, ಅದರ ಕ್ಲಿಪ್. ನಾನು ಆ ಕ್ಲಿಪ್ಪನ್ನು ಬಿಗಿ ಮಾಡಿದೆ. ಮರುದಿನವೂ ಒದ್ದೆ. ಇನ್ನೊಂದು ಸುತ್ತು ಬಿಗಿ ಮಾಡಿದೆ. ಹೋಸ್ ಕತ್ತರಿಸಿತೇ ಹೊರತು ಸೋರುವುದು ನಿಲ್ಲಲಿಲ್ಲ.

ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದು ಹೇಳಿಕೊಡಬೇಕಾದದ್ದೇ ಅಲ್ಲ. ಮಳೆಗಾಲದಲ್ಲಿ ಮಾಡು ಸೋರಿದರೆ, ಹನಿ ಬೀಳುವ ಜಾಗದ ನೇರ ಮೇಲಿನ ಹಂಚು ಒಡೆದಿರುವುದಿಲ್ಲ. ಎಲ್ಲೋ ಮೇಲೆ ಒಡೆದ ಹಂಚಿನಿಂದ ಒಳಗೆ ಬಂದ ನೀರು ಪಕ್ಕಾಸಿನ (ಹಂಚು ಹೊರುವ ಮರದ) ಗುಂಟ ಇಳಿದು, ಒಂದು ಗಂಟು ಸಿಕ್ಕಿದ ಕಡೆ ತೊಟ್ಟಿಕ್ಕುತ್ತದೆ. ಪೆಟ್ರೋಲ್ ಕೂಡ ಹಾಗೆಯೇ. ನಮ್ಮ ಶೆಡ್ಡಿನ ನೆಲ ಮಳೆನೀರು ಹೊರಗೆ ಹೋಗಲಿ ಅಂತ ಮುಂದಕ್ಕೆ ಇಳಿಜಾರು. ಕಾರು ಮೂತಿ ಹೊರಗೆ ಮಾಡಿ ನಿಲ್ಲುತ್ತದೆ. ಹಿಂದೆ ಟ್ಯಾಂಕಿನ ಹತ್ತಿರ ಸೋರಿದ್ದು ಕಬ್ಬಿಣದ ಪೈಪಿನ ಹೊರಮೈ ಹಿಡಿದು ಮುಂದೆ ಬಂದು, ಪೈಪ್ ಮೇಲಕ್ಕೆ ತಿರುಗುವ ಜಾಗದಲ್ಲಿ ನೆಲಕ್ಕೆ ಬೀಳುತ್ತಿತ್ತು. ಸೋರುವ ಜಾಗಕ್ಕೂ ಹನಿಗೂ ಮಧ್ಯೆ ಆರು ಅಡಿ!

ಹುಡುಕುವುದು ಹೀಗೆ. ಇಡೀ ಪೈಪನ್ನು ಒಣಬಟ್ಟೆಯಿಂದ ಹಿಂದಿನಿಂದ ಮುಂದಿನವರೆಗೆ ಒರೆಸಿ. ಕೆಸರು ಮೆತ್ತಿದ್ದರೆ ಹಿತ್ತಾಳೆ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ. ಕಬ್ಬಿಣದ ಬ್ರಷ್ ಬೇಡ, ಕಿಡಿ ಹಾರಬಹುದು. ಪೂರ್ತಿ ಒಣಗಿದ ಮೇಲೆ ಮುಖಕ್ಕೆ ಹಾಕುವ ಪೌಡರನ್ನು ಪೈಪಿಗೂ ಜೋಡಣೆಗಳಿಗೂ ಉದುರಿಸಿ. ಒಂದು ಗಂಟೆ ಬಿಟ್ಟು ಟಾರ್ಚ್ ಹಿಡಿದು ನೋಡಿ. ಬಿಳಿ ಪೌಡರಿನಲ್ಲಿ ಮೊದಲು ಒದ್ದೆಯಾಗುವುದು ಸೋರುವ ಜಾಗ. ಅಲ್ಲಿಂದ ಕೆಳಗೆ ಒಂದು ಗೆರೆ ಹರಿದಿರುತ್ತದೆ. ಆ ಗೆರೆಯ ಮೇಲಿನ ತುದಿಯನ್ನು ನೋಡಬೇಕು, ಕೆಳಗಿನ ತುದಿಯನ್ನಲ್ಲ.

ಇನ್ನೊಂದು ಮಾತು ತಿಳಿದಿರಬೇಕು. ಟ್ಯಾಂಕಿನಿಂದ ಪಂಪಿನವರೆಗಿನ ಭಾಗ ಎಳೆಯುವ ಭಾಗ. ಎಂಜಿನ್ ಓಡುವಾಗ ಪಂಪ್ ಪೆಟ್ರೋಲನ್ನು ಎಳೆಯುತ್ತಿರುತ್ತದೆ. ಹಾಗಾಗಿ ಅಲ್ಲಿ ತೂತಿದ್ದರೆ ಓಡುವಾಗ ಪೆಟ್ರೋಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ನಿಲ್ಲಿಸಿದಾಗ ಮಾತ್ರ ಸೋರುತ್ತದೆ. ಪಂಪಿನಿಂದ ಕಾರ್ಬ್ಯುರೇಟರಿಗೆ ಹೋಗುವುದು ತಳ್ಳುವ ಭಾಗ. ಅದು ಓಡುವಾಗಲೇ ಸೋರುತ್ತದೆ, ಅದೂ ಬಿಸಿ ಎಂಜಿನ್ನಿನ ಮೇಲೆ. ಅಲ್ಲಿ ಸೋರುವುದು ಕಂಡರೆ ಆ ಕ್ಷಣ ಎಂಜಿನ್ ಆಫ್ ಮಾಡಿ. "ಮನೆತನಕ ಹೋಗಿ ನೋಡೋಣ" ಅನ್ನುವ ಯೋಚನೆಯೇ ಬೇಡ.

ನಮ್ಮ ಕಾರು ಒಂದು ವಾರ ಮೊದಲೇ ಸೂಚನೆ ಕೊಟ್ಟಿತ್ತು. ಅಪ್ಪಯ್ಯನನ್ನು ಡಾಕ್ಟರಿಗೆ ತೋರಿಸಲು ಮಣಿಪಾಲಕ್ಕೆ ಹೋಗುವಾಗ, ಇಂದ್ರಾಳಿ ದಾಟಿ ಏರು ಶುರುವಾದ ಮೇಲೆ ಎಂಜಿನ್ ಎರಡು ಸಲ ಉಸಿರು ಕಟ್ಟಿದ ಹಾಗೆ ಮಾಡಿತು. ಸಮತಟ್ಟಿನಲ್ಲಿ ಏನೂ ಇಲ್ಲ. ಏರಿನಲ್ಲಿ ಪೆಟ್ರೋಲ್ ಜಾಸ್ತಿ ಬೇಕು, ಪಂಪ್ ಜೋರಾಗಿ ಎಳೆಯುತ್ತದೆ, ತೂತಿನಿಂದ ಗಾಳಿಯೂ ಜಾಸ್ತಿ ಬರುತ್ತದೆ. ನಾನು ಪ್ಲಗ್ ಕ್ಲೀನ್ ಮಾಡಿ ಸುಮ್ಮನಾದೆ. ಆಗಲೇ ಬಾನೆಟ್ ತೆಗೆದು ಫಿಲ್ಟರ್ ನೋಡಿದ್ದರೆ ಗೊತ್ತಾಗುತ್ತಿತ್ತು. ಪಂಪಿನ ಮೊದಲು ಪಾರದರ್ಶಕ ಫಿಲ್ಟರ್ ಇದ್ದರೆ, ಎಂಜಿನ್ ಓಡುವಾಗ ಅದರೊಳಗೆ ಸೋಡಾದ ಹಾಗೆ ಸಣ್ಣ ಗುಳ್ಳೆ ಸಾಲಾಗಿ ಬರುತ್ತಿದೆಯಾ ನೋಡಿ. ಬಂದರೆ ಹಿಂದೆ ಎಲ್ಲೋ ಗಾಳಿ ಸೇರುತ್ತಿದೆ.

ಏರಿನಲ್ಲಿ ಎಂಜಿನ್ ನಿಲ್ಲಲು ಟ್ಯಾಂಕಿನ ಮುಚ್ಚಳವೂ ಕಾರಣ ಇರಬಹುದು. ಮುಚ್ಚಳದ ಗಾಳಿತೂತು ಕಟ್ಟಿಕೊಂಡರೆ ಟ್ಯಾಂಕಿನೊಳಗೆ ಗಾಳಿ ಕಮ್ಮಿಯಾಗಿ ಪೆಟ್ರೋಲ್ ಬರುವುದು ನಿಲ್ಲುತ್ತದೆ. ಗಾಡಿ ನಿಂತ ಕೂಡಲೇ ಮುಚ್ಚಳ ತಿರುಗಿಸಿ. ಬುಸ್ ಅಂತ ಗಾಳಿ ಒಳಗೆ ಎಳೆದ ಸದ್ದು ಬಂದರೆ ಪೈಪ್ ಬಿಚ್ಚುವ ಮೊದಲು ಮುಚ್ಚಳ ಸರಿಮಾಡಿ.

ಬೆಂಕಿಯ ವಿಷಯ

ಇದನ್ನು ದಯವಿಟ್ಟು ಓದದೆ ಮುಂದೆ ಹೋಗಬೇಡಿ.

ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಕೇಳುವುದೇ ಬೇಡ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಹೋಗಿ ಚದುರುವುದಿಲ್ಲ. ನೆಲ ಹಿಡಿದು, ನೀರಿನ ಹಾಗೆ ತಗ್ಗಿನ ಕಡೆಗೆ ಹರಿಯುತ್ತದೆ. ನಮ್ಮ ಮನೆಯಲ್ಲಿ ಶೆಡ್ಡಿನಿಂದ ಇಪ್ಪತ್ತು ಅಡಿ ಆಚೆ, ಎರಡು ಮೆಟ್ಟಿಲು ಕೆಳಗೆ ಬಚ್ಚಲು. ಅಲ್ಲಿ ಬೆಳಿಗ್ಗೆ ಹಂಡೆಗೆ ತೆಂಗಿನ ಸಿಪ್ಪೆ, ಮಡಲು ಹಾಕಿ ಬೆಂಕಿ ಮಾಡುತ್ತೇವೆ. ಹಂಡೆಯ ನೀರು ಖಾಲಿಯಾದ ಮೇಲೂ ಬೂದಿಯೊಳಗೆ ಕೆಂಡ ಮಧ್ಯಾಹ್ನದವರೆಗೆ ಇರುತ್ತದೆ. ಕೆಲಸ ಮಾಡಿದ ಎರಡೂ ದಿನ ನಾವು ಒಲೆ ಹಚ್ಚಲಿಲ್ಲ. ಅಪ್ಪಯ್ಯ ತಣ್ಣೀರಿನಲ್ಲಿ ಸ್ನಾನ ಮಾಡಿದರು. ತುಳಸಿಕಟ್ಟೆಯ ದೀಪ ಹಚ್ಚುವ ಹೊತ್ತಿಗೆ ಮುಂಚೆ ಎಲ್ಲ ಮುಚ್ಚಿಟ್ಟು, ನೆಲ ಒಣಗಿಸಿ ಆಗಿತ್ತು. ಅಗರಬತ್ತಿ, ಬೀಡಿ, ಮಿಕ್ಸಿ, ಫ್ರಿಜ್ಜಿನ ಸ್ವಿಚ್, ಇನ್ವರ್ಟರ್ ಎಲ್ಲವನ್ನೂ ಬೆಂಕಿಯ ಲೆಕ್ಕಕ್ಕೇ ಸೇರಿಸಿ.

ಕಾರನ್ನು ಶೆಡ್ಡಿನಿಂದ ಹೊರಗೆ, ಗಾಳಿ ಆಡುವ ಅಂಗಳಕ್ಕೆ ತಳ್ಳಿ ತನ್ನಿ. ಸ್ಟಾರ್ಟ್ ಮಾಡಿ ತರಬೇಡಿ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಟರ್ಮಿನಲ್ಲಿಗೆ ತಾಗದ ಹಾಗೆ ಬಟ್ಟೆ ಸುತ್ತಿಡಿ. ಬಲ್ಬ್ ಇರುವ ವೈರಿನ ಲೈಟ್ ಬೇಡ. ಬಿಸಿ ಬಲ್ಬಿಗೆ ಒಂದು ಹನಿ ಬಿದ್ದರೆ ಒಡೆಯುತ್ತದೆ. ಎಲ್‌ಇಡಿ ಟಾರ್ಚ್ ಸಾಕು, ಅದನ್ನೂ ಮೊದಲೇ ಆನ್ ಮಾಡಿ ಒಯ್ಯಿರಿ. ಕೈಗೆ ಸಿಗುವ ಕಡೆ ಎಬಿಸಿ ಪೌಡರಿನ ಬೆಂಕಿ ಆರಿಸುವ ಸಿಲಿಂಡರ್ ಮತ್ತು ಒಂದು ಬಕೆಟ್ ಮರಳು ಇರಲಿ. ಪೆಟ್ರೋಲ್ ಬೆಂಕಿಗೆ ನೀರು ಹಾಕಿದರೆ ನೀರಿನ ಮೇಲೆ ತೇಲಿ ಬೆಂಕಿಯೇ ಅಂಗಳ ತುಂಬ ಹರಡುತ್ತದೆ.

ಕಾರು ಎತ್ತುವಾಗ ಜಾಕನ್ನು ಮಾತ್ರ ನಂಬಿ ಅಡಿಗೆ ಹೋಗಬಾರದು. ಆಕ್ಸಲ್ ಸ್ಟ್ಯಾಂಡ್ ಇಡಿ, ನೆಲದಲ್ಲಿರುವ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಕೊಡಿ. ನಮ್ಮ ಕಡೆ ಅಂಗಳದಲ್ಲಿ ಕೆಂಪುಕಲ್ಲು ಬಿದ್ದಿರುತ್ತದೆ, ಅದನ್ನೇ ಕೊಡುವ ಅಭ್ಯಾಸ ಇದೆ. ಮಳೆ ಕುಡಿದ ಕೆಂಪುಕಲ್ಲು ಹೇಳದೆ ಕೇಳದೆ ಒಡೆಯುತ್ತದೆ. ಬೇಡವೇ ಬೇಡ.

ಪೈಪಿನಿಂದ ಇಳಿಸಿದ ಪೆಟ್ರೋಲನ್ನು ಚರಂಡಿಗೋ ತೆಂಗಿನ ಬುಡಕ್ಕೋ ಚೆಲ್ಲಬೇಡಿ. ಈ ನೆಲ ತೂತು ತೂತಿನ ಮುರಕಲ್ಲು, ಚೆಲ್ಲಿದ್ದು ಇಳಿಯುತ್ತದೆ. ಬಾವಿ ಹತ್ತು ಮಾರು ಆಚೆ ಇದ್ದರೂ ಅದೇ ನೀರನ್ನು ನಾವು ಕುಡಿಯುವುದು. ಮುಚ್ಚಳ ಗಟ್ಟಿ ಇರುವ ಪೆಟ್ರೋಲ್ ಕ್ಯಾನಿಗೆ ಇಳಿಸಿಕೊಳ್ಳಿ.

ಟ್ಯಾಂಕೇ ಸೋರುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ. ಖಾಲಿ ಟ್ಯಾಂಕಿನೊಳಗೆ ಆವಿ ಮತ್ತು ಗಾಳಿ ಸೇರಿರುತ್ತದೆ, ತುಂಬಿದ ಟ್ಯಾಂಕಿಗಿಂತ ಅದೇ ಅಪಾಯ. ಅದಕ್ಕೆ ಬೆಸುಗೆ ಹಾಕುವುದು ಮನೆಯ ಕೆಲಸ ಅಲ್ಲ.

ಯಾವ ಹೋಸ್ ತರಬೇಕು

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು. ನಾನು ತಪ್ಪು ಮಾಡಿದ್ದೂ ಇಲ್ಲೇ.

ಎರಡು ವರ್ಷದ ಹಿಂದೆ ಇದೇ ಹೋಸ್‌ಗಳನ್ನು ಹೊಸದು ಹಾಕಿಸಿದ್ದೆ. ಅಂಗಡಿಯಲ್ಲಿ "ಪೆಟ್ರೋಲ್ ಪೈಪ್" ಅಂತ ಕೇಳಿದ್ದಕ್ಕೆ ಸುರುಳಿಯಿಂದ ಕತ್ತರಿಸಿ ಕೊಟ್ಟರು. ಕಪ್ಪಗೆ, ಹೊಳೆಯುತ್ತಾ, ಚೆನ್ನಾಗಿಯೇ ಇತ್ತು. ಮೇಲೆ ಒಂದಕ್ಷರ ಬರೆದಿರಲಿಲ್ಲ. ಈ ಸಲ ಬಿಚ್ಚಿದಾಗ ಅದರ ತುದಿ ಊದಿ ಹಲಸಿನ ತೊಳೆಯ ಹಾಗೆ ಮೆತ್ತಗಾಗಿತ್ತು. ಉಗುರಿನಿಂದ ಒತ್ತಿದರೆ ಗುರುತು ಹಾಗೇ ಉಳಿಯುತ್ತಿತ್ತು. ಒಳಮೈ ಕೆರೆದರೆ ಮಸಿಯಂತಹ ಕಪ್ಪು ಬೆರಳಿಗೆ ಮೆತ್ತಿತು. ಆ ಕಪ್ಪೇ ಫಿಲ್ಟರಿಗೂ ಕಾರ್ಬ್ಯುರೇಟರಿನ ಜೆಟ್ಟಿಗೂ (ಪೆಟ್ರೋಲ್ ಹಾಯುವ ಸಣ್ಣ ತೂತಿಗೂ) ಹೋಗುವುದು.

ಕಾರಣ ಪೆಟ್ರೋಲೇ ಬದಲಾಗಿದೆ. ಶೇಕಡಾ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಕೆಲವು ಬಂಕುಗಳಲ್ಲಿ ಶುರುವಾಯಿತು. 2025ರ ಹೊತ್ತಿಗೆ ಹೆಚ್ಚಿನ ಕಡೆ ಸಿಗುವುದೇ ಅದು. 1971ರಲ್ಲಿ ಈ ಕಾರು ಮಾಡಿದವರು ಎಥನಾಲನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹಳೆ ಜಾತಿಯ ರಬ್ಬರ್ ಎಥನಾಲ್ ಕುಡಿದು ಊದುತ್ತದೆ, ಮೆತ್ತಗಾಗುತ್ತದೆ. ಗಾಡಿ ತುಂಬ ದಿನ ನಿಂತು ಒಣಗಿದರೆ ಬಿರುಕು ಬಿಡುತ್ತದೆ. ಜೊತೆಗೆ ಎಥನಾಲಿಗೆ ಗಾಳಿಯ ತೇವ ಎಳೆದುಕೊಳ್ಳುವ ಗುಣ ಇದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ತೇವಕ್ಕೆ ಬರವಿಲ್ಲ. ನೀರು ಜಾಸ್ತಿಯಾದರೆ ಎಥನಾಲಿನ ಜೊತೆ ಬೇರೆಯಾಗಿ ಟ್ಯಾಂಕಿನ ತಳಕ್ಕೆ, ಪೈಪಿನ ತಗ್ಗಿಗೆ ಇಳಿದು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಹೊರಗಿನಿಂದ ಮಲ್ಪೆಯ ಉಪ್ಪುಗಾಳಿ ತನ್ನ ಕೆಲಸ ಮಾಡುತ್ತಲೇ ಇರುತ್ತದೆ.

ಹಾಗಾಗಿ ಹೋಸ್ ಕೊಳ್ಳುವಾಗ ಮೈಮೇಲೆ ಏನು ಬರೆದಿದೆ ಅಂತ ಓದಿ. ಎಸ್‌ಎಇ ಜೆ30 ಆರ್9 (SAE J30 R9) ಅಂತ ಅಚ್ಚಾಗಿರುವುದನ್ನು ಕೇಳಿ. ಅದು ಕಾರ್ಬ್ಯುರೇಟರ್ ಬದಲು ಒತ್ತಡದಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಗಾಡಿಗಳಿಗೆ ಮಾಡಿದ ಹೋಸ್, ಒಳಗೆ ಫ್ಲೋರೋ ರಬ್ಬರಿನ ಪದರ ಇರುತ್ತದೆ. ಎಥನಾಲಿಗೆ ಜಗ್ಗುವುದಿಲ್ಲ. ನಮ್ಮ ಪಂಪಿನ ಒತ್ತಡಕ್ಕೆ ಅಷ್ಟು ಗಟ್ಟಿ ಬೇಕಾಗಿಲ್ಲ ನಿಜ, ನಾವು ಹಾಕುವುದು ಒಳಪದರಕ್ಕಾಗಿ. ನಾನು ತಂದಾಗ ಹಳೆಯದರ ಮೂರು ಪಟ್ಟು ಬೆಲೆ ಆಯಿತು. ಒಟ್ಟು ಬೇಕಾದದ್ದು ಒಂದೂವರೆ ಮೀಟರ್. ಇಲ್ಲಿ ದುಡ್ಡು ಉಳಿಸಬೇಡಿ. ಅಕ್ವೇರಿಯಂ ಪೈಪ್, ಗ್ಯಾಸ್ ಸ್ಟವ್ ಪೈಪ್, ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಯಾವುದೂ ಬೇಡ. ಪ್ಲಾಸ್ಟಿಕ್ ಪೈಪ್ ಒಂದು ವರ್ಷದಲ್ಲಿ ಗಾಜಿನ ಹಾಗೆ ಗಟ್ಟಿಯಾಗಿ ಒಡೆಯುತ್ತದೆ.

ಅಳತೆಗೆ ಕಬ್ಬಿಣದ ಪೈಪಿನ ಹೊರಗಿನ ದಪ್ಪಕ್ಕೆ ವರ್ನಿಯರ್ ಹಿಡಿದು ನೋಡಿ. ನಮ್ಮದರಲ್ಲಿ 8 ಮಿಮೀ ಬಂತು. ಹೋಸಿನ ಒಳಗಿನ ತೂತು ಅಷ್ಟೇ ಇರಬೇಕು. ದೊಡ್ಡ ಹೋಸ್ ತಂದು ಕ್ಲಿಪ್ಪಿನಿಂದ ಹಿಸುಕಿ ಕೂರಿಸಿದರೆ ಒಂದು ಮಡಿಕೆ ಬೀಳುತ್ತದೆ, ಸೋರುವುದು ಆ ಮಡಿಕೆಯಲ್ಲೇ.

ಕ್ಲಿಪ್ ಕೂಡ ನೋಡಿ ತನ್ನಿ. ಪಟ್ಟಿಯಲ್ಲಿ ಉದ್ದಕ್ಕೆ ಸೀಳು ಇರುವ ಸಾಮಾನ್ಯ ಕ್ಲಿಪ್ ಬಿಗಿ ಮಾಡಿದಾಗ ರಬ್ಬರ್ ಆ ಸೀಳಿನೊಳಗೆ ನುಗ್ಗಿ ಕತ್ತರಿಸುತ್ತದೆ. ಅಂಚು ಹೊರಗೆ ಮಡಚಿದ, ನಟ್ಟು ಬೋಲ್ಟಿನಿಂದ ಬಿಗಿಯುವ ನಯವಾದ ಕ್ಲಿಪ್ ಸಿಗುತ್ತದೆ. ಸ್ಟೀಲಿನದ್ದೇ ತನ್ನಿ.

ಹೋಸ್ ಬದಲಿಸುವುದು

ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟು ಕಮ್ಮಿ ಇದ್ದರೆ ಅಷ್ಟು ಒಳ್ಳೆಯದು. ಮೊದಲು ಮುಚ್ಚಳ ಒಮ್ಮೆ ತೆಗೆದು ಒಳಗಿನ ಒತ್ತಡ ಬಿಟ್ಟು, ಮತ್ತೆ ಮುಚ್ಚಿ. ಕೆಲಸ ಪಂಪಿನ ಕಡೆಯಿಂದ ಶುರು ಮಾಡಿ. ಹೋಸ್ ಅಂಟಿಕೊಂಡಿದ್ದರೆ ಎಳೆಯಬೇಡಿ, ಪೈಪ್ ಬಾಗುತ್ತದೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಿಡಿಸಿ. ಕೆಳಗೆ ಕ್ಯಾನ್ ಹಿಡಿದಿರಲಿ, ಕಣ್ಣಿಗೆ ಕನ್ನಡಕ ಇರಲಿ. ಮಲಗಿಕೊಂಡು ಕೆಲಸ ಮಾಡುವಾಗ ಪೆಟ್ರೋಲ್ ನೇರ ಮುಖಕ್ಕೇ ಬರುತ್ತದೆ.

ಟ್ಯಾಂಕಿನ ಕಡೆ ಬಿಚ್ಚುವಾಗ, ಒಂದು ತುಂಡು ಹೋಸಿಗೆ ಮೊದಲೇ ಬೋಲ್ಟ್ ತುರುಕಿ ಕ್ಲಿಪ್ ಹಾಕಿ ಬೂಚು ಮಾಡಿಟ್ಟುಕೊಳ್ಳಿ. ಹಳೆ ಹೋಸ್ ಬಂದ ತಕ್ಷಣ ಅದನ್ನು ಸಿಕ್ಕಿಸಿದರೆ ಹರಿಯುವುದು ನಿಲ್ಲುತ್ತದೆ. ಬೆರಳಿನಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಬೂಚು ಹುಡುಕುವ ಪರಿಸ್ಥಿತಿ ತಂದುಕೊಳ್ಳಬೇಡಿ.

ಹೊಸ ಹೋಸನ್ನು ಚೂಪಾದ ಬ್ಲೇಡಿನಿಂದ ನೇರ ಕತ್ತರಿಸಿ. ಪೈಪಿನ ಮೇಲೆ ಕಮ್ಮಿ ಅಂದರೆ ಒಂದು ಇಂಚು ಒಳಗೆ ಹೋಗಬೇಕು. ಹೋಗದಿದ್ದರೆ ಒಂದು ಹನಿ ಎಂಜಿನ್ ಆಯಿಲ್ ಹಚ್ಚಿ ತಿರುಗಿಸುತ್ತಾ ತಳ್ಳಿ. ಗ್ರೀಸ್, ಗಮ್, ಬಿಳಿ ಟೇಪ್ ಯಾವುದೂ ಬೇಡ. ಟೇಪಿನ ಚೂರು ಕಾರ್ಬ್ಯುರೇಟರಿಗೆ ಹೋದರೆ ಇನ್ನೊಂದು ಕೆಲಸ ಹುಟ್ಟುತ್ತದೆ. ಕ್ಲಿಪ್ಪನ್ನು ಹೋಸಿನ ತುದಿಯಿಂದ ಸ್ವಲ್ಪ ಒಳಗೆ, ಪೈಪಿನ ಉಬ್ಬಿನ ಹಿಂದೆ ಕೂರಿಸಿ. ಹೋಸ್ ಕೈಯಲ್ಲಿ ತಿರುಗದಷ್ಟು ಬಿಗಿ ಆದರೆ ಸಾಕು. ಸೈಲೆನ್ಸರ್ ಪೈಪಿನಿಂದ ಒಂದು ಗೇಣಾದರೂ ದೂರ ಇರಲಿ. ಫಿಲ್ಟರಿನ ಮೇಲಿನ ಬಾಣದ ಗುರುತು ಪಂಪಿನ ಕಡೆ ನೋಡಬೇಕು.

ಮೂರು ಹೋಸಿನಲ್ಲಿ ಒಂದು ಮಾತ್ರ ಸೋರಿದ್ದರೂ ಮೂರನ್ನೂ ಬದಲಿಸಿ. ಮೂರೂ ಒಂದೇ ದಿನ ಒಂದೇ ಸುರುಳಿಯಿಂದ ಬಂದವು. ನಮ್ಮ ಮೂರನೆಯ ಹೋಸ್ ಹೊರಗಿನಿಂದ ಚೆನ್ನಾಗಿತ್ತು. ತಿರುಗಿಸಿ ನೋಡಿದರೆ ಗೋಡೆಯ ಕಡೆಯ ಮೈಯಲ್ಲಿ ಇಲಿಯ ಹಲ್ಲಿನ ಗುರುತು, ಅರ್ಧ ದಪ್ಪದವರೆಗೆ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ಬಾನೆಟ್ಟಿನೊಳಗೆ ಬರುತ್ತವೆ. ತೋಟದ ಮನೆಯವರು ಇದನ್ನು ತಪ್ಪದೆ ನೋಡಿ.

ಕಬ್ಬಿಣದ ಪೈಪ್ ತೂತಾಗಿದ್ದರೆ

ಹೋಸ್ ಬದಲಿಸಿದ ಮೇಲೂ ನಮ್ಮ ಪೌಡರಿನಲ್ಲಿ ಒಂದು ಚುಕ್ಕೆ ಒದ್ದೆ ಕಂಡಿತು. ಹಿಂದಿನ ಚಕ್ರದ ಹತ್ತಿರ, ಪೈಪನ್ನು ಕಾರಿನ ತಳಕ್ಕೆ ಹಿಡಿದಿಡುವ ತಗಡಿನ ಕ್ಲಿಪ್ಪಿನ ಅಡಿಯಲ್ಲಿ. ಕ್ಲಿಪ್ ತೆಗೆದೆ. ಪೈಪಿನ ಉಳಿದ ಭಾಗ ಕಪ್ಪು ಪೇಂಟಿನಲ್ಲಿ ನಯವಾಗಿತ್ತು. ಕ್ಲಿಪ್ ಕೂತ ಜಾಗ ಮಾತ್ರ ಕಂದು ಹೊಪ್ಪಳೆ. ಉಗುರಿನಿಂದ ಒಂದು ಹೊಪ್ಪಳೆ ಎಬ್ಬಿಸಿದೆ. ಅದರ ಕೆಳಗಿನಿಂದ ಸೂಜಿಮೊನೆಯಷ್ಟು ಪೆಟ್ರೋಲ್ ಮೇಲೆದ್ದು ನಿಂತಿತು. ಕ್ಲಿಪ್ಪಿನೊಳಗೆ ಕೆಸರು ಸೇರಿ, ಆ ಕೆಸರು ವರ್ಷಪೂರ್ತಿ ಉಪ್ಪು ನೀರು ಹಿಡಿದಿಟ್ಟುಕೊಳ್ಳುತ್ತದೆ. ಪೈಪ್ ಕೊಳೆಯುವುದು ಯಾವಾಗಲೂ ಮುಚ್ಚಿದ ಜಾಗದಲ್ಲಿ.

ದಾರಿಯಲ್ಲಿ ಹೀಗಾದರೆ ಒಣ ಬಾರ್ ಸೋಪನ್ನು ತೂತಿನ ಮೇಲೆ ಗಟ್ಟಿಯಾಗಿ ತಿಕ್ಕಿ ತುಂಬುವುದು ಹಳೆ ಡ್ರೈವರುಗಳ ಉಪಾಯ. ಸೋಪು ಪೆಟ್ರೋಲಿನಲ್ಲಿ ಬೇಗ ಕರಗುವುದಿಲ್ಲ. ಗಾಡಿಯನ್ನು ರಸ್ತೆಯಿಂದ ಬದಿಗೆ ತರಲು ಅದು ಸಾಕು. ಎಪಾಕ್ಸಿ ಅಂಟು ಮೆತ್ತಿ ವರ್ಷಗಟ್ಟಲೆ ಓಡಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದು ಕಡೆ ತೂತಾದ ಪೈಪ್ ಅಕ್ಕಪಕ್ಕದಲ್ಲೂ ತೆಳ್ಳಗಾಗಿರುತ್ತದೆ.

ಹೊಸದಕ್ಕೆ ಬರೀ ತಾಮ್ರದ ಪೈಪ್ ಹಾಕಬೇಡಿ. ಅದು ಅಲುಗಾಟಕ್ಕೆ ಗಡುಸಾಗಿ ಬಿರುಕು ಬಿಡುತ್ತದೆ, ಪೆಟ್ರೋಲ್ ಬೇಗ ಹಳಸಿ ಅಂಟಾಗುವ ಹಾಗೂ ಮಾಡುತ್ತದೆ. ತಾಮ್ರ ಮತ್ತು ನಿಕಲ್ ಬೆರೆತ, ಬ್ರೇಕ್ ಪೈಪಿಗೆ ಬಳಸುವ ಜಾತಿ ಇದೆ. ಕೈಯಲ್ಲೇ ಬಗ್ಗುತ್ತದೆ, ತುಕ್ಕು ಹಿಡಿಯುವುದಿಲ್ಲ. ಕರಾವಳಿಗೆ ಅದರಷ್ಟು ಒಳ್ಳೆಯದು ನನಗೆ ಬೇರೆ ಕಂಡಿಲ್ಲ. ನಾನು ಆನ್‌ಲೈನಿನಲ್ಲಿ ತರಿಸಿದೆ.

ತುದಿ ಮಾಡುವುದನ್ನು ಕಲಿಸಿದ್ದು ಮಲ್ಪೆ ಬಂದರಿನಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುವ ಒಬ್ಬರು. ನನ್ನ ಹಳೆ ವಿದ್ಯಾರ್ಥಿಯ ಅಪ್ಪ. ಹೊಸ ಪೈಪ್ ತೋರಿಸಿದೆ. ಕೈಯಲ್ಲಿ ಹಿಡಿದು ತುದಿ ಸವರಿದರು. "ಟೀಚರೇ, ಇದಕ್ಕೆ ತುದಿಯಲ್ಲಿ ಒಂದು ಉಬ್ಬು ಬೇಕು. ಇಲ್ಲದಿದ್ದರೆ ಹೋಸ್ ಇವತ್ತು ನಿಲ್ತದೆ, ನಾಳೆ ಜಾರ್ತದೆ."

ಮೊದಲು ಪೈಪ್ ಕಟರಿನಿಂದ ಕತ್ತರಿಸಿದರು. ಒಂದು ಸುತ್ತು ತಿರುಗಿಸುವುದು, ಗುಂಡಿಯನ್ನು ಒಂದಿಷ್ಟೇ ಬಿಗಿ ಮಾಡುವುದು, ಮತ್ತೊಂದು ಸುತ್ತು. ಹ್ಯಾಕ್ಸಾ ಹಾಕಿದರೆ ಲೋಹದ ಪುಡಿ ಒಳಗೆ ಬೀಳುತ್ತದೆ. ಒಳಗಿನ ಚೂಪು ಅಂಚನ್ನು ಸಣ್ಣ ಅರದಿಂದ ತೆಗೆದು, ಗಾಳಿ ಊದಿ ಸ್ವಚ್ಛ ಮಾಡಿದರು. ಆಮೇಲೆ ಫ್ಲೇರಿಂಗ್ ಟೂಲಿನ ಎರಡು ದವಡೆಯ ಮಧ್ಯೆ ಪೈಪ್ ಹಿಡಿದು, ಅಚ್ಚಿನ ಅಂಚಿನ ದಪ್ಪದಷ್ಟೇ ಹೊರಗೆ ಬಿಟ್ಟರು. ಅಚ್ಚಿನ ಕಡ್ಡಿಯನ್ನು ಪೈಪಿನ ಬಾಯಿಗೆ ಇಟ್ಟು, ಒಂದು ಹನಿ ಎಣ್ಣೆ ಹಾಕಿ, ಮೇಲಿನಿಂದ ಸ್ಕ್ರೂ ನಿಧಾನ ಇಳಿಸಿದರು. ಬ್ರೇಕ್ ಪೈಪಿಗಾದರೆ ಇದಾದ ಮೇಲೆ ಇನ್ನೊಂದು ಸಲ ಒತ್ತಿ ಬಾಯಿ ಅಗಲ ಮಾಡಬೇಕು. ಹೋಸ್ ಹಾಕುವ ತುದಿಗೆ ಮೊದಲ ಸಲಕ್ಕೇ ನಿಲ್ಲಿಸಬೇಕು. ಟೂಲ್ ಬಿಚ್ಚಿದಾಗ ಪೈಪಿನ ತುದಿ ಸುತ್ತಲೂ ಒಂದೇ ಸಮ ಉಬ್ಬಿ, ಅರಳಲಿಕ್ಕೆ ಬಂದ ಮಲ್ಲಿಗೆ ಮೊಗ್ಗಿನ ಹಾಗೆ ಕಂಡಿತು. ಎರಡನೆಯ ತುದಿಯನ್ನು ನನ್ನ ಕೈಯಲ್ಲೇ ಮಾಡಿಸಿದರು. ಮೊದಲ ಸಲ ಒಂದು ಮಗ್ಗುಲು ಜಾಸ್ತಿ ಉಬ್ಬಿತು. ಕತ್ತರಿಸಿ ಮತ್ತೆ ಮಾಡಿದೆ. ಅದಕ್ಕೇ ಪೈಪನ್ನು ನಾಲ್ಕು ಇಂಚು ಉದ್ದ ಜಾಸ್ತಿ ಇಟ್ಟುಕೊಳ್ಳಿ.

ಬಗ್ಗಿಸಲು ಹಳೆ ಪೈಪನ್ನೇ ಮಾದರಿ ಮಾಡಿ ನೆಲದಲ್ಲಿಟ್ಟು, ಸ್ಟೀಲ್ ಡಬ್ಬಿಯಂತಹ ಗುಂಡಗಿನ ವಸ್ತುವಿನ ಸುತ್ತ ನಿಧಾನ ಒತ್ತಿ. ಒಂದೇ ಸಲಕ್ಕೆ ಮಡಚಿದರೆ ಸೊಟ್ಟೆಯಾಗಿ ದಾರಿ ಕಟ್ಟುತ್ತದೆ. ಕ್ಲಿಪ್ ಬರುವ ಕಡೆ ಹೋಸಿನ ತುಂಡನ್ನು ಸೀಳಿ ಪೈಪಿಗೆ ಸುತ್ತಿ, ಅದರ ಮೇಲೆ ಕ್ಲಿಪ್ ಹಾಕಿ. ನಾನು ಇಡೀ ಹಿಂಭಾಗದ ಪೈಪ್ ಬದಲಿಸಿದೆ. ಅಷ್ಟು ಆಗದಿದ್ದರೆ ಕೊಳೆತ ಭಾಗ ಕತ್ತರಿಸಿ, ಎರಡೂ ತುದಿಗೆ ಉಬ್ಬು ಮಾಡಿ, ಮಧ್ಯೆ ಚಿಕ್ಕ ಹೋಸ್ ಸೇರಿಸಬಹುದು.

ಪಂಪ್, ಕಾರ್ಬ್ಯುರೇಟರ್

ಪಂಪಿನ ಹೊಟ್ಟೆಯ ಕೆಳಗಿನ ಸಣ್ಣ ತೂತಿನಿಂದ ಪೆಟ್ರೋಲ್ ಬಂದರೆ ಒಳಗಿನ ಡಯಾಫ್ರಾಮ್ (ಪೆಟ್ರೋಲ್ ಎಳೆದು ತಳ್ಳುವ ತೆಳು ಪರದೆ) ಹರಿದಿದೆ. ತೂತು ಮುಚ್ಚಬೇಡಿ. ಆಯಿಲ್ ಗೇಜ್ ಕಡ್ಡಿ ತೆಗೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಅದು ಎಂಜಿನ್ ಆಯಿಲಿಗೆ ಸೇರಿದೆ. ಆಯಿಲ್ ಬದಲಿಸದೆ ಸ್ಟಾರ್ಟ್ ಮಾಡಬಾರದು. ಎಥನಾಲಿಗೆ ತಡೆಯುವ ಡಯಾಫ್ರಾಮ್ ಕಿಟ್ ಕೇಳಿ ಹಾಕಿಸಿ.

ಸುಲಭ ಅಂತ ಹೊಸ ಕಾರಿನ ಎಲೆಕ್ಟ್ರಿಕ್ ಪಂಪ್ ಹಾಕುವುದು ಬೇಡ. ನಮ್ಮ ಹಳೆ ಪಂಪಿನ ಒತ್ತಡ ಮೂರು ನಾಲ್ಕು ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್). ಇಂಜೆಕ್ಷನ್ ಪಂಪಿನದ್ದು ನಲವತ್ತರ ಮೇಲೆ. ಕಾರ್ಬ್ಯುರೇಟರ್ ತುಂಬಿದಾಗ ಪೆಟ್ರೋಲ್ ನಿಲ್ಲಿಸುವ ಫ್ಲೋಟ್ ಸೂಜಿ ಅದನ್ನು ತಡೆಯದೆ ಪೆಟ್ರೋಲ್ ಉಕ್ಕಿ ಹರಿಯುತ್ತದೆ.

ಮತ್ತೆ ಸ್ಟಾರ್ಟ್ ಮಾಡುವುದು

ಎಲ್ಲ ಸೇರಿಸಿದ ಮೇಲೆ ಟ್ಯಾಂಕಿಗೆ ಎರಡು ಲೀಟರ್ ಮಾತ್ರ ಹಾಕಿ ಅರ್ಧ ಗಂಟೆ ಕಾಯಿರಿ. ಜೋಡಣೆಗಳನ್ನು ಬೆರಳಿನಿಂದ ಸವರಿ ಮೂಸಿ. ಚೆಲ್ಲಿದ್ದೆಲ್ಲ ಒರೆಸಿ, ಆ ಬಟ್ಟೆಯನ್ನು ದೂರ ಬಿಸಿಲಿಗೆ ಹರಡಿ, ವಾಸನೆ ಪೂರ್ತಿ ಹೋದ ಮೇಲೆ ಬ್ಯಾಟರಿ ತಂತಿ ಸೇರಿಸಿ. ಒಬ್ಬರು ಬಾನೆಟ್ ಹತ್ತಿರ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಿಂತಿರಲಿ. ಪೈಪ್ ಖಾಲಿ ಇರುವುದರಿಂದ ಮೊದಲ ಸಲಕ್ಕೇ ಹಿಡಿಯುವುದಿಲ್ಲ. ಹತ್ತು ಸೆಕೆಂಡ್ ಸೆಲ್ಫ್ ಹೊಡೆದು, ಒಂದು ನಿಮಿಷ ಬಿಟ್ಟು, ಮತ್ತೆ ಹೊಡೆಯಿರಿ. ಹಿಡಿದ ಮೇಲೆ ಫಿಲ್ಟರಿನಲ್ಲಿ ಗುಳ್ಳೆ ನಿಲ್ಲುವವರೆಗೆ ನೋಡಿ. ಎಂಜಿನ್ ಬಿಸಿಯಾಗಿ ತಣಿದ ಮೇಲೆ ಕ್ಲಿಪ್ಪುಗಳನ್ನು ಇನ್ನೊಮ್ಮೆ ನೋಡಿ, ಸ್ವಲ್ಪ ಸಡಿಲ ಆಗಿರುತ್ತವೆ.

ರಾತ್ರಿ ಕಾರಿನ ಅಡಿಗೆ, ಟ್ಯಾಂಕಿನಿಂದ ಎಂಜಿನ್ನಿನವರೆಗೆ ಹಳೆ ಪೇಪರ್ ಹಾಸಿದೆವು. ಪೆಟ್ರೋಲ್ ಆರಿದರೂ ಪೇಪರಿನಲ್ಲಿ ಅಂಚು ಉಳಿಯುತ್ತದೆ. ಬೆಳಿಗ್ಗೆ ನಾನು ಏಳುವ ಮೊದಲೇ ಅಪ್ಪಯ್ಯ ಕೋಲೂರಿಕೊಂಡು ಶೆಡ್ಡಿಗೆ ಹೋಗಿದ್ದರು. ಒಂದೊಂದೇ ಹಾಳೆ ಎತ್ತಿ, ಬೆಳಕಿಗೆ ಹಿಡಿದು, ಮೂಸಿ, ಜಗಲಿಯ ಮೇಲೆ ಪೇರಿಸಿಟ್ಟಿದ್ದರು.

"ಒಣಗಿಯೇ ಉಂಟು" ಅಂದರು. "ಬಚ್ಚಲಿಗೆ ಬೆಂಕಿ ಹಾಕಬಹುದು."